ಸಾಲಿನಲ್ಲಿ ನಿಂತು ಕಲಿತ ಮುಂದಾಳುತನ

1923ರಲ್ಲಿ ನಾಗಪುರದ ಬೀದಿಗಳಲ್ಲಿ ಚರಕದ ಬಾವುಟ ಹಿಡಿದು ನಡೆಯುವುದೇ ಅಪರಾಧವಾಗಿತ್ತು. ದೇಶದ ಮೂಲೆಮೂಲೆಗಳಿಂದ ಬಂದ ಸತ್ಯಾಗ್ರಹಿಗಳನ್ನು ಸರ್ಕಾರ ತಂಡತಂಡವಾಗಿ ಹಿಡಿದು ಜೈಲಿಗೆ ತುಂಬಿತು. ಒಳಗಿನ ಕಷ್ಟ ತಾಳಲಾರದೆ ಎಷ್ಟೋ ಮಂದಿ ಕ್ಷಮಾಪಣೆ ಬರೆದುಕೊಟ್ಟು ಹೊರಗೆ ಬಂದರು. ಹುಬ್ಬಳ್ಳಿಯ ಸೇವಾ ಮಂಡಲದಿಂದ ಹೋದ ಹುಡುಗರು ಮಾತ್ರ ಜಗ್ಗಲಿಲ್ಲ. ಬಾವುಟ ಹಿಡಿಯುವ ಹುಮ್ಮಸ್ಸು ಎಲ್ಲರಲ್ಲೂ ಇತ್ತು, ಹಿಡಿದ ಮೇಲೆ ಬಿಡದಿರುವ ತಾಲೀಮು ಕೆಲವರಿಗೆ ಮಾತ್ರ ಆಗಿತ್ತು ಎಂಬುದನ್ನು ಕಾಂಗ್ರೆಸ್ಸಿನ ಹಿರಿಯರು ಆಗ ಕಣ್ಣಾರೆ ಕಂಡರು.

ಆ ತಾಲೀಮು ಕೊಟ್ಟವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. ಕಲಕತ್ತೆಯಲ್ಲಿ ವೈದ್ಯ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಕಲಿತು, ಅಲ್ಲೇ ಲಾಲಾ ಲಜಪತ್ ರಾಯರ ಜೊತೆ ಹೋಂ ರೂಲ್ ಕೆಲಸದಲ್ಲಿ ತೊಡಗಿಸಿಕೊಂಡವರು. 1921ರಲ್ಲಿ ಊರಿಗೆ ಮರಳಿದಾಗ ದವಾಖಾನೆ ತೆರೆದು ನೆಮ್ಮದಿಯಿಂದ ಇರಬಹುದಿತ್ತು. ಅವರು ಹುಬ್ಬಳ್ಳಿಯ ತರುಣರನ್ನು ಕೂಡಿಸಿ ಕವಾಯತು ಶುರುಮಾಡಿದರು.

1923ರ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಈ ಹುಬ್ಬಳ್ಳಿಯ ಮಾದರಿ ಹಿಂದುಸ್ತಾನಿ ಸೇವಾದಳವೆಂಬ ಹೆಸರಿನಲ್ಲಿ ದೇಶದ ಸಂಸ್ಥೆಯಾಯಿತು. ಸುಲಭವಾಗಿ ಆಗಲಿಲ್ಲ. ಕವಾಯತು ಎಂದರೆ ಸಿಪಾಯಿಗಿರಿ, ಅಹಿಂಸೆಯ ಚಳವಳಿಗೆ ಅದೇಕೆ ಎಂದು ಕೆಲವು ಮುಖಂಡರು ಹುಬ್ಬುಗಂಟಿಕ್ಕಿದರು. ಸ್ವಯಂಸೇವಕನಾದವನು ಹೇಳಿದ್ದನ್ನು ಕೇಳಿದರೆ ಸಾಕು, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಬೇಕಾದ್ದೇನೂ ಇಲ್ಲ ಎಂಬುದು ಇನ್ನು ಕೆಲವರ ವಾದ. ಹರ್ಡೀಕರರ ಬೆನ್ನಿಗೆ ನಿಂತವರು ಜವಾಹರಲಾಲ್ ನೆಹರೂ. ದಳದ ಮೊದಲ ಅಧ್ಯಕ್ಷರೂ ಅವರೇ. ಕಟ್ಟಿದವರು ಹರ್ಡೀಕರ್, ಕುರ್ಚಿ ನೆಹರೂ ಅವರದು. ತಾನು ಸಂಘಟಕನಾಗಿ ಉಳಿದು ಗದ್ದುಗೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಈ ನಡೆಯಲ್ಲೇ ಹರ್ಡೀಕರರ ದೊಡ್ಡತನ ಎದ್ದು ಕಾಣುತ್ತದೆ.

ದಳದಲ್ಲಿ ಕಲಿಸುತ್ತಿದ್ದುದೇನು? ಹೊತ್ತಿಗೆ ಸರಿಯಾಗಿ ಏಳುವುದು, ಸಾಲಿನಲ್ಲಿ ನಿಲ್ಲುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸಾವಿರಾರು ಜನರ ನೂಕುನುಗ್ಗಲನ್ನು ಕೈಯೆತ್ತದೆ ತಡೆಯುವುದು, ಶಿಬಿರದ ನೆಲ ಗುಡಿಸುವುದು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಧ್ವಜವಂದನೆ. ಭಾಷಣ ಮಾಡುವ ಕಲೆಗೆ ಇಲ್ಲಿ ಅಂಥ ಮಹತ್ವವಿರಲಿಲ್ಲ. ನಾಲ್ಕು ಜನರನ್ನು ನಡೆಸಬೇಕಾದವನು ಮೊದಲು ನಾಲ್ಕು ಜನರ ನಡುವೆ ಒಬ್ಬನಾಗಿ ನಡೆಯಬೇಕು ಎಂಬ ಲೆಕ್ಕಾಚಾರ ಅದು.

ಒಂದು ವರ್ಷಕ್ಕೇ ಪರೀಕ್ಷೆ ಬಂತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ 39ನೆಯ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರು ಏರ್ಪಾಟಿನ ಹೊಣೆ ಹೊತ್ತಿದ್ದರು. ವಿಜಯನಗರವೆಂದು ಹೆಸರಿಟ್ಟ ಬಿಡಾರದಲ್ಲಿ ನೀರಿಗಾಗಿ ತೋಡಿದ ಬಾವಿಯನ್ನು ಪಂಪಾ ಸರೋವರವೆಂದು ಕರೆದರು. ಇಂದಿಗೂ ಅದು ಅಲ್ಲಿನವರ ಬಾಯಲ್ಲಿ ಕಾಂಗ್ರೆಸ್ ಬಾವಿ. ಶೌಚದ ಕೆಲಸ ಕಾಕಾ ಕಾಲೇಲ್ಕರರ ಉಸ್ತುವಾರಿಯಲ್ಲಿ ಸ್ವಯಂಸೇವಕರ ಪಾಲಿಗೆ ಬಂತು. ಆ ಕೆಲಸವನ್ನು ಒಂದು ಜಾತಿಯ ತಲೆಗೆ ಕಟ್ಟಿದ್ದ ಸಮಾಜದಲ್ಲಿ ಓದಿದ ಮನೆತನದ ಹುಡುಗರು ಪೊರಕೆ ಹಿಡಿದದ್ದು ಸಣ್ಣ ಸಂಗತಿಯಲ್ಲ.

ಅದೇ ಬಿಡಾರದಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಂಗಸರು ಸ್ವಯಂಸೇವಕಿಯರಾಗಿ ದುಡಿದರು. ಅವರಲ್ಲಿ ವಿಧವೆಯರೂ ಇದ್ದರು. ಹೊಸ್ತಿಲು ದಾಟಲು ಅಪ್ಪಣೆ ಕೇಳಬೇಕಾಗಿದ್ದ ಕಾಲದಲ್ಲಿ ಇವರನ್ನೆಲ್ಲ ಕರೆತಂದವರು ಯಾರು?

ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಭವಾನಿ ಗೋಳಿಕೇರಿ ಹದಿಮೂರನೆಯ ವಯಸ್ಸಿಗೆ ಸಂಜೀವರಾವ್ ಕುಂದಾಪುರ ಅವರ ಕೈಹಿಡಿದು ಉಮಾಬಾಯಿಯಾದರು. ಅಲ್ಲಿಗೆ ಮುಗಿಯಬಹುದಾಗಿದ್ದ ಕಥೆಯನ್ನು ಬೆಳೆಸಿದವರು ಮಾವ ಆನಂದರಾಯರು. ಸೊಸೆ ಓದಬೇಕೆಂದು ಹಟ ಹಿಡಿದು ಮೆಟ್ರಿಕ್ ಮುಗಿಸುವವರೆಗೆ ಜೊತೆ ನಿಂತರು. 1920ರಲ್ಲಿ ಮುಂಬೈಯಲ್ಲಿ ತಿಲಕರ ಅಂತಿಮ ಯಾತ್ರೆಯ ಜನಸಾಗರ ಉಮಾಬಾಯಿಯವರನ್ನು ಚಳವಳಿಯತ್ತ ಎಳೆಯಿತು. 1923ರಲ್ಲಿ ಗಂಡ ಕ್ಷಯದಿಂದ ತೀರಿಕೊಂಡರು. ಮಾವ ಈ ಸಲವೂ ಕೈಬಿಡಲಿಲ್ಲ. ಹುಬ್ಬಳ್ಳಿಗೆ ಕರೆತಂದರು, ಕರ್ನಾಟಕ ಪ್ರೆಸ್ ತೆರೆದರು, ತಿಲಕ ಕನ್ಯಾಶಾಲೆಯನ್ನು ಸೊಸೆಗೆ ಒಪ್ಪಿಸಿದರು. ಅದೇ ಆವರಣದಲ್ಲಿ ಹರ್ಡೀಕರರ ದಳವೂ ಇತ್ತು. ಮಹಿಳಾ ವಿಭಾಗ ಉಮಾಬಾಯಿಯವರ ಪಾಲಾಯಿತು. ಬೆಳಗಾವಿ ಅಧಿವೇಶನಕ್ಕಾಗಿ ಅವರು ಸೀಮೆಯೆಲ್ಲ ಸುತ್ತಿದರು. ತಾನೇ ವಿಧವೆಯಾದವಳು ಬಂದು ಕರೆದಾಗ, ಮೂಲೆಗೆ ಸರಿದು ಕೂತ ಹೆಂಗಸಿಗೆ ಆ ಮಾತಿನ ತೂಕ ಬೇರೆಯೇ ಆಗಿರಬೇಕು.

1931ರಲ್ಲಿ ಸೇವಾದಳ ಕಾಂಗ್ರೆಸ್ಸಿನ ಅಧಿಕೃತ ಅಂಗವಾಯಿತು, 1932ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಉಮಾಬಾಯಿಯವರಿಗೆ ನಾಲ್ಕು ತಿಂಗಳು ಯೆರವಡಾ ಸೆರೆಮನೆ. ಒಳಗಿರುವಾಗಲೇ ಮಾವ ಹೋದ ಸುದ್ದಿ ಬಂತು. ಹೊರಬಂದಾಗ ಪ್ರೆಸ್ ಜಪ್ತಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು. ಹೆಂಗಸರ ಭಗಿನಿ ಮಂಡಲ ಕಾನೂನುಬಾಹಿರವೆಂದು ಘೋಷಣೆಯಾಗಿತ್ತು. ಉಳಿದದ್ದು ಒಂದು ಸಣ್ಣ ಮನೆ. ಜೈಲಿನಿಂದ ಬಿಡುಗಡೆಯಾಗಿ ಹೋಗಲು ದಿಕ್ಕಿಲ್ಲದ ಹೆಂಗಸರಿಗೆ ಅದೇ ಆಸರೆಯಾಯಿತು. 1934ರಲ್ಲಿ ಬಿಹಾರದ ಭೂಕಂಪ ಆದಾಗ ಉಮಾಬಾಯಿ ತಮ್ಮ ಸ್ವಯಂಸೇವಕಿಯರೊಂದಿಗೆ ಅಲ್ಲಿಗೆ ಧಾವಿಸಿದರು. 1946ರಲ್ಲಿ ಗಾಂಧೀಜಿ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಹೊಣೆಯನ್ನು ಅವರಿಗೆ ವಹಿಸಿದರು.

ಸ್ವಾತಂತ್ರ್ಯದ ನಂತರ ಹರ್ಡೀಕರ್ 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು, 1975ರಲ್ಲಿ ತೀರಿಕೊಂಡರು. ಉಮಾಬಾಯಿ ಅಧಿಕಾರವನ್ನೂ ಪ್ರಶಸ್ತಿಯನ್ನೂ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯನ್ನೂ ಬೇಡವೆಂದರು. ಕರ್ನಾಟಕದ ಹೆಂಗಸರ ಸಾರ್ವಜನಿಕ ಬದುಕಿನ ಚರಿತ್ರೆಯಲ್ಲಿ ಅವರಿಗೆ ಸಲ್ಲಬೇಕಾದ ಪುಟಗಳು ಇನ್ನೂ ಸಂದಿಲ್ಲ. ಮಾವನ ಹೆಸರು ಹೊತ್ತ ‘ಆನಂದ ಸ್ಮೃತಿ’ ಎಂಬ ಸಣ್ಣ ಮನೆಯಲ್ಲೇ ಬಾಳಿದ ಅವರು 1992ರಲ್ಲಿ ಕಣ್ಮುಚ್ಚಿದರು.