ಸವಕಲು ನಾಣ್ಯಕ್ಕೆ ಬೆಲೆ ಕಟ್ಟುವ ಬಗೆ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆಯ ಮನೆಗಳಲ್ಲಿ ದೀಪದ ಕಂಬ, ತಾಮ್ರದ ಚೊಂಬುಗಳ ಜೊತೆಗೆ ದೇವರ ಪೆಟ್ಟಿಗೆಯ ಹಳೆಯ ಕಾಸುಗಳೂ ಹುಣಸೆಹಣ್ಣಿನ ನೀರಿಗೆ ಬೀಳುತ್ತವೆ. ಒಂದಿಷ್ಟು ಬೂದಿ ಹಾಕಿ ಉಜ್ಜಿದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆನೆ ಕಾಸು ನಿನ್ನೆ ಟಂಕಿಸಿದಂತೆ ಕೆಂಪಗೆ ಹೊಳೆಯುತ್ತದೆ. ಉಜ್ಜಿದವರಿಗೆ ಭಕ್ತಿ, ನೋಡಿದವರಿಗೆ ಸಂತೋಷ. ಅದೇ ಕಾಸನ್ನು ಬೆಂಗಳೂರಿನ ನಾಣ್ಯ ಪ್ರದರ್ಶನಕ್ಕೆ ತೆಗೆದುಕೊಂಡು ಹೋದರೆ ವ್ಯಾಪಾರಿ ಒಮ್ಮೆ ತಿರುಗಿಸಿ ನೋಡಿ ಮೇಜಿನ ಮೇಲೆ ಇಟ್ಟುಬಿಡುತ್ತಾನೆ. ‘ತೊಳೆದಿದ್ದೀರಿ’ ಎನ್ನುವ ಒಂದು ಮಾತಿನಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ನೂರೈವತ್ತು, ಇನ್ನೂರು ವರ್ಷಗಳಲ್ಲಿ ತಾಮ್ರದ ಮೇಲೆ ಕುಳಿತ ಕಂದು ಪದರವನ್ನು ಹುಣಸೆಯ ಹುಳಿ ಒಂದು ಗಳಿಗೆಯಲ್ಲಿ ತಿಂದು ಹಾಕಿದೆ. ಅದು ಮತ್ತೆ ಬರುವುದಿಲ್ಲ.

ಒಂದೇ ಕಾಸು, ಎರಡು ಕಣ್ಣು. ಈ ಎರಡನೆಯ ಕಣ್ಣು ನಮ್ಮಲ್ಲಿಗೆ ಬಂದದ್ದು ತೀರಾ ಈಚೆಗೆ. ಅದಕ್ಕೂ ಮೊದಲು ನಾಣ್ಯವನ್ನು ಅಳೆಯಲು ಬೇರೆ ಅಳತೆಗಳಿದ್ದವು. ಅವುಗಳಲ್ಲಿ ಯಾವುದೂ ಪೂರ್ತಿ ಮಾಯವಾಗಿಲ್ಲ ಎಂಬುದು ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಪೇಟೆಗಳಲ್ಲಿ ಓಡಾಡಿದರೆ ಗೊತ್ತಾಗುತ್ತದೆ.

ಮೊದಲ ಅಳತೆ ಚಿನಿವಾರನದು. ಇವತ್ತು ಪತ್ರಿಕೆಯ ದರಪಟ್ಟಿಯಲ್ಲಿ ‘ಚಿನಿವಾರ ಪೇಟೆ’ ಎಂದು ಮಾತ್ರ ಉಳಿದಿರುವ ಆ ಪದ ಒಂದು ಕಾಲದಲ್ಲಿ ನಾಣ್ಯ ಪರೀಕ್ಷಿಸಿ, ಬದಲಾಯಿಸಿ ಕೊಡುವ ಮನುಷ್ಯನ ಹೆಸರು. ಅವನ ಸಲಕರಣೆ ಒರೆಗಲ್ಲು ಮತ್ತು ಸಣ್ಣ ತಕ್ಕಡಿ. ನಾಣ್ಯದ ಮೇಲೆ ಯಾವ ದೇವರಿದ್ದಾನೆ, ಯಾವ ರಾಜನಿದ್ದಾನೆ ಎಂಬುದು ಅವನಿಗೆ ಗುರುತು ಹಿಡಿಯಲು ಬೇಕಿತ್ತೇ ಹೊರತು ಬೆಲೆಗೆ ಅಲ್ಲ. ಬೆಲೆ ಲೋಹದ್ದು. ಸವೆದಿದ್ದರೆ, ಪರ ಸೀಮೆಯದ್ದಾಗಿದ್ದರೆ ವಟ್ಟ ಮುರಿದುಕೊಳ್ಳುತ್ತಿದ್ದ. ಈ ಸೀಮೆಯಲ್ಲಿ ಆ ಕೆಲಸ ಸುಲಭದ್ದಾಗಿರಲಿಲ್ಲ. ಕೋಲಾರ ಶಹಾಜಿಯ ಜಹಗೀರಿನಲ್ಲಿತ್ತು, ಶಿರಾದಲ್ಲಿ ಮೊಗಲರ ಸುಬೇದಾರ ಕುಳಿತಿದ್ದ, ನಡುವೆ ಆವತಿ ವಂಶದ ಪಾಳೆಯಗಾರರು, ಆಮೇಲೆ ಹೈದರ್, ಟಿಪ್ಪು. 1791ರಲ್ಲಿ ನಂದಿದುರ್ಗ ಕಾರ್ನ್‌ವಾಲಿಸನ ಸೈನ್ಯದ ಪಾಲಾಯಿತು. ಒಂದೊಂದು ಅಧಿಕಾರಕ್ಕೂ ಒಂದೊಂದು ನಾಣ್ಯ. 1800ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಮೈಸೂರು ಸೀಮೆಯ ಬಗೆಬಗೆಯ ವರಹ, ಹಣಗಳ ವಿನಿಮಯ ದರವನ್ನು ಬರೆದುಕೊಂಡಿದ್ದಾನೆ. ಮರಾಠ ಸರದಾರ ಚಿಂತಾಮಣಿ ರಾವ್ ಹೆಸರು ಹೊತ್ತ ಚಿಂತಾಮಣಿಯನ್ನು ರೈಸ್ ಅವರ ಮೈಸೂರು ಗೆಜೆಟಿಯರ್ ಚಿನ್ನ, ಬೆಳ್ಳಿ, ಹರಳುಗಳ ವ್ಯಾಪಾರದ ಊರು, ಸಾಹುಕಾರರ ಊರು ಎಂದು ಗುರುತಿಸಿದೆ. ಅಂಥ ಊರಿನಲ್ಲಿ ನಾಣ್ಯ ಬಲ್ಲವರಿಗೆ ಕೆಲಸ ಕಡಿಮೆ ಇದ್ದಿರಲಾರದು.

ಚಿನಿವಾರ ಬಿಟ್ಟುಹೋದ ಗುರುತು ಇಂದಿಗೂ ಕೈಗೆ ಸಿಗುತ್ತದೆ. ಹಳೆಯ ಬೆಳ್ಳಿ ರೂಪಾಯಿಯ ಮೇಲೆ ಕೆಲವೊಮ್ಮೆ ನಕ್ಷತ್ರದಂಥ, ಚಂದ್ರನಂಥ, ಬರೀ ಚುಕ್ಕಿಯಂಥ ಸಣ್ಣ ಒತ್ತುಗಳು ಕಾಣುತ್ತವೆ. ಬೆಳ್ಳಿ ಒಳಗೂ ಬೆಳ್ಳಿಯೇ ಎಂದು ನೋಡಿ ಸರಾಫ ಹಾಕಿದ ಮುದ್ರೆ ಅದು. ಎರಡು ಸಾವಿರ ವರ್ಷ ಹಿಂದಿನ ಮುದ್ರಾಂಕಿತ ಬೆಳ್ಳಿ ನಾಣ್ಯಗಳ ಮೇಲೂ ಇಂಥ ಒತ್ತುಗಳಿವೆ. ಆಗ ನಂಬಿಕೆ ಹೆಚ್ಚಿಸಿದ ಅದೇ ಮುದ್ರೆಯನ್ನು ಇಂದಿನ ಸಂಗ್ರಾಹಕ ಗಾಯ ಎಂದು ಲೆಕ್ಕ ಹಾಕಿ ಬೆಲೆ ಇಳಿಸುತ್ತಾನೆ. ನನಗಂತೂ ಆ ಒತ್ತು ಇರುವ ರೂಪಾಯಿಯ ಮೇಲೆ ಹೆಚ್ಚು ಪ್ರೀತಿ. ಒಬ್ಬ ಮನುಷ್ಯ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ್ದಕ್ಕೆ ಅದು ಸಾಕ್ಷಿ.

ಎರಡನೆಯ ಅಳತೆಯನ್ನು ತಂದವರು ಬ್ರಿಟಿಷ್ ಅಧಿಕಾರಿಗಳು. ನಾಣ್ಯವನ್ನು ಓದಬೇಕು, ಯಾರದು, ಯಾವ ವರ್ಷದ್ದು, ಯಾವ ಟಂಕಸಾಲೆಯದು ಎಂದು ಹೇಳಬೇಕು ಎನ್ನುವ ಹಟ ಅವರದು. ಎಡ್ವರ್ಡ್ ಮೂರ್ 1794ರಲ್ಲಿ ಪ್ರಕಟಿಸಿದ ಯುದ್ಧ ಕಥನದಲ್ಲಿಯೇ ಟಿಪ್ಪುವಿನ ನಾಣ್ಯಗಳ ಚಿತ್ರಗಳಿದ್ದವು. ಧಾರವಾಡದ ಕಡೆ ಕೆಲಸ ಮಾಡಿದ್ದ ವಾಲ್ಟರ್ ಎಲಿಯಟ್‌ನ ದಕ್ಷಿಣ ಭಾರತದ ನಾಣ್ಯಗಳ ಗ್ರಂಥ 1880ರ ದಶಕದಲ್ಲಿ ಹೊರಬಂತು. 1889ರಲ್ಲಿ ಕ್ಯಾಪ್ಟನ್ ಟಫ್ನೆಲ್ ದಕ್ಷಿಣದ ನಾಣ್ಯ ಸಂಗ್ರಾಹಕರಿಗೆಂದೇ ಸೂಚನೆಗಳ ಪುಸ್ತಕ ಬರೆದ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದ್ದ ಮೈಸೂರು ನಾಣ್ಯಗಳ ಪಟ್ಟಿಯನ್ನೂ ಮಾಡಿದ. ಟಿಪ್ಪುವಿನ ನಾಣ್ಯಗಳ ಮೇಲೆ 1914ರಲ್ಲಿ ಟೇಲರ್, ಹೈದರ್ ಮತ್ತು ಟಿಪ್ಪು ಇಬ್ಬರ ಮೇಲೂ 1921ರಲ್ಲಿ ಹೆಂಡರ್‌ಸನ್ ಬರೆದರು.

ಓದುವುದರಿಂದ ಬೆಲೆ ಹೇಗೆ ಬದಲಾಯಿತು ಎನ್ನುವುದಕ್ಕೆ ಟಿಪ್ಪುವಿನ ಆನೆ ಪೈಸೆಯೇ ಉದಾಹರಣೆ. ಕೆಲವು ಪೈಸೆಗಳ ಮೇಲೆ ಇಸವಿ ‘1226’ ಎಂದಿರುತ್ತದೆ. ಹಿಜರಿ ಎಂದು ಎಣಿಸಿದರೆ ಅದು ಕ್ರಿ.ಶ. 1811, ಟಿಪ್ಪು ಸತ್ತು ಹನ್ನೆರಡು ವರ್ಷ ಕಳೆದ ಮೇಲೆ! ಟಿಪ್ಪು ಮೌಲೂದಿ ಎಂಬ ಹೊಸ ಶಕೆಯನ್ನು ತಂದಿದ್ದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದ ಎಂದು ತಿಳಿದ ಮೇಲಷ್ಟೇ ಆ ನಾಣ್ಯ ಖೋಟಾ ಅಲ್ಲ, 1798ರ ಸುಮಾರಿನ ಅಸಲಿ ಎಂದು ಹೇಳಲು ಬಂತು. ಆಮೇಲೆ ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣದ ಪೈಸೆ ಹೆಚ್ಚಾಗಿ ಸಿಗುತ್ತದೆ, ಕೆಲವು ಟಂಕಸಾಲೆಗಳದು ಅಪರೂಪ. ತಾಮ್ರ ಅಷ್ಟೇ, ತೂಕ ಅಷ್ಟೇ, ಒಂದು ಪದದಿಂದ ಬೆಲೆ ಹತ್ತುಪಟ್ಟು ಏರಬಹುದು. ಚಿನಿವಾರನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ.

ಇದಕ್ಕೆ ಇನ್ನೊಂದು ಮಜಲು ಸೇರಿಸಿದವರು ನಮ್ಮವರು. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಚಂದ್ರವಳ್ಳಿಯಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳೂ ರೋಮನ್ ನಾಣ್ಯಗಳೂ ಒಂದೇ ನೆಲದಲ್ಲಿ ಸಿಕ್ಕವು. ನಾಣ್ಯ ಎಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎನ್ನುವುದು ಆಗ ನಾಣ್ಯದಷ್ಟೇ ಮುಖ್ಯವಾಯಿತು. ರೋಮನ್ ದೊರೆ ಟೈಬೀರಿಯಸ್‌ನ ಬೆಳ್ಳಿ ದಿನಾರಿ ಯೂರೋಪಿನ ಅಂಗಡಿಯಲ್ಲಿ ಸಾಮಾನ್ಯ ವಸ್ತು. ಯಶವಂತಪುರದಲ್ಲಿ, ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು ಎಂದಾಗ ಅದೇ ವಸ್ತು ನಮ್ಮ ಚರಿತ್ರೆಯಾಗುತ್ತದೆ. ಮೈಸೂರು ವಿಶ್ವವಿದ್ಯಾಲಯದ ಎ. ವಿ. ನರಸಿಂಹಮೂರ್ತಿ ಅವರು 1975ರಲ್ಲಿ ಕರ್ನಾಟಕದ ನಾಣ್ಯಗಳ ಬಗ್ಗೆ ಪ್ರಕಟಿಸಿದ ಗ್ರಂಥ ಇದನ್ನೆಲ್ಲ ಒಟ್ಟುಗೂಡಿಸಿತು. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ಕನ್ನಡ ಅಕ್ಷರದಲ್ಲಿ ‘ಶ್ರೀ ನೊಣಂಬವಾಡಿಗೊಂಡ’ ಎಂದಿದೆ. ನೊಳಂಬರ ರಾಜಧಾನಿ ಹೇಮಾವತಿ ಗೌರಿಬಿದನೂರಿಗೆ ದೂರವೇನಲ್ಲ. ನಂದಿಯ ಭೋಗನಂದೀಶ್ವರನಿಗೂ ಅವರ ನಂಟಿದೆ. ಗೆದ್ದವನು ನಮ್ಮ ಸೀಮೆಯ ಹೆಸರನ್ನು ಚಿನ್ನದ ಮೇಲೆ ಬರೆಸಿಕೊಂಡ ನಾಣ್ಯ ಅದು. ಅದನ್ನು ಗ್ರಾಂ ಲೆಕ್ಕದಲ್ಲಿ ಕರಗಿಸಿದ ಮನೆಗಳಿದ್ದರೆ ಆ ನಷ್ಟ ಮನೆಯವರದು ಮಾತ್ರ ಅಲ್ಲ.

ಇನ್ನು ಮೂರನೆಯ ಅಳತೆ, ಈಗ ಎಲ್ಲರ ಬಾಯಲ್ಲಿರುವುದು: ಸ್ಥಿತಿ. ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಅನ್‌ಸರ್ಕ್ಯುಲೇಟೆಡ್ ಎಂಬ ಮಾತುಗಳು ಇಂಗ್ಲಿಷ್ ವ್ಯಾಪಾರಿಗಳಿಂದ ಬಂದವು. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಅಲ್ಲಿನ ಹಳೆಯ ತಾಮ್ರದ ಸೆಂಟ್‌ಗಳಿಗೆ 1ರಿಂದ 70ರವರೆಗಿನ ಅಂಕ ಪದ್ಧತಿ ತಂದ. ಗುರುತು ಮಾತ್ರ ಹತ್ತುವ ಸವಕಲಿಗೆ 1, ಕಲೆಯಿಲ್ಲದ್ದಕ್ಕೆ 70. ಮೊದಲನೆಯದು ಒಂದು ಡಾಲರ್ ಆದರೆ ಕೊನೆಯದು ಎಪ್ಪತ್ತು ಡಾಲರ್ ಎಂಬ ಸರಳ ಲೆಕ್ಕ. ಬೆಲೆಯ ಲೆಕ್ಕ ಬೇಗ ಮುರಿದುಬಿತ್ತು, ಅಂಕ ಉಳಿಯಿತು. 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಸಂಸ್ಥೆಗಳು ನಾಣ್ಯಕ್ಕೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚುವ ಕೆಲಸ ಆರಂಭಿಸಿದವು. ಆ ಡಬ್ಬಿಗಳು ಈಗ ಬೆಂಗಳೂರಿನ ಹರಾಜುಗಳಲ್ಲೂ ಕಾಣುತ್ತವೆ.

ಐದನೇ ಜಾರ್ಜ್‌ನ ರೂಪಾಯಿಯೊಂದನ್ನು ತೆಗೆದುಕೊಳ್ಳಿ. ನಮ್ಮ ಕಡೆ ಹತ್ತು ಮನೆಗೆ ಒಂದರಲ್ಲಾದರೂ ಇರುತ್ತದೆ. ಅಂಚು ಹಿಡಿಯಿರಿ, ಮುಖ ಮುಟ್ಟಬೇಡಿ. ಕಿಟಕಿಯ ಬೆಳಕಿಗೆ ಓರೆಯಾಗಿ ತಿರುಗಿಸಿ. ಮೊದಲು ಸವೆಯುವುದು ಎತ್ತರದ ಜಾಗ: ಕಿರೀಟದ ಮುತ್ತುಗಳು, ಗಡ್ಡದ ಕೂದಲು, ನಿಲುವಂಗಿಯ ಮೇಲಿನ ಸರದಲ್ಲಿರುವ ಪುಟ್ಟ ಆನೆ. ಆ ಆನೆಯ ಕಾಲು, ಸೊಂಡಿಲು ಬೇರೆಬೇರೆಯಾಗಿ ಕಂಡರೆ ಒಳ್ಳೆಯ ಸ್ಥಿತಿ. ಬರೀ ಉಬ್ಬಾಗಿ ಉಳಿದಿದ್ದರೆ ಕೈಯಿಂದ ಕೈಗೆ ಬಹಳ ಓಡಾಡಿದ್ದು. 1911ರ ರೂಪಾಯಿಯಲ್ಲಿ ಈ ಆನೆ ಹಂದಿಯ ಹಾಗೆ ಕಾಣುತ್ತದೆ ಎಂಬ ದೂರು ಎದ್ದು, ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡು 1912ರಲ್ಲಿ ಚಿತ್ರ ತಿದ್ದಿತು. ಹಾಗಾಗಿ 1911ರದಕ್ಕೆ ಬೇಡಿಕೆ. ಆಮೇಲೆ ತಕ್ಕಡಿ: 11.66 ಗ್ರಾಂ ಇರಬೇಕು, ಸವೆದಿದ್ದರೆ ತುಸು ಕಡಿಮೆ. ಅಂಚಿನಲ್ಲಿ ಬೆಸುಗೆಯ ಗೆರೆ, ಮೈಮೇಲೆ ಸಣ್ಣ ಗುಳ್ಳೆ ಇದ್ದರೆ ಎರಕದ ನಕಲು. ಮೇಲ್ತುದಿಯಲ್ಲಿ ಚಿಕ್ಕ ಕಲೆ ಇದ್ದರೆ ಕಾಸಿನ ಸರಕ್ಕೆ ಪೋಣಿಸಲು ಹಾಕಿದ್ದ ಕೊಂಡಿಯನ್ನು ಕಿತ್ತಿದ್ದಾರೆ ಎಂದರ್ಥ. ಸಂಗ್ರಾಹಕನ ಲೆಕ್ಕದಲ್ಲಿ ಅದು ಮತ್ತೆ ಬರೀ ಬೆಳ್ಳಿ.

ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ ರೀಲರ್ ಒಬ್ಬ ಹಿಡಿ ಗೂಡು ಎತ್ತಿ, ಅದುಮಿ, ಕಿವಿಯ ಬಳಿ ಅಲ್ಲಾಡಿಸಿ ನೂಲು ಎಷ್ಟು ಬಂದೀತು ಎಂದು ಅಂದಾಜು ಮಾಡುವುದನ್ನು ನೋಡಿದವರಿಗೆ ಈ ವಿದ್ಯೆ ಹೊಸದೆನಿಸದು. ಕೈ ಸಾವಿರ ಸಲ ಮುಟ್ಟಿದ ಮೇಲೆ ಬರುವ ವಿದ್ಯೆ ಇದು.

ಆದರೆ ಶೆಲ್ಡನ್‌ನ ಅಂಕವನ್ನು ನಮ್ಮ ನಾಣ್ಯಗಳಿಗೆ ಕಣ್ಣುಮುಚ್ಚಿ ಹಚ್ಚುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಟಿಪ್ಪುವಿನ ಪೈಸೆ, ಮೈಸೂರಿನ ಆನೆ ಕಾಸು ಮೊದಲಾದವು ಸುತ್ತಿಗೆಯ ಏಟಿನಲ್ಲಿ ಟಂಕಿಸಿದವು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಆನೆಯ ಬಾಲವೋ ಅಕ್ಷರದ ತುದಿಯೋ ಹುಟ್ಟಿನಲ್ಲೇ ಹೊರಗೆ ಉಳಿದಿರುತ್ತದೆ. ಸವೆತ ಬೇರೆ, ಅಚ್ಚು ಸರಿಯಾಗಿ ಕೂರದಿದ್ದದ್ದು ಬೇರೆ. ಇಂಥ ನಾಣ್ಯದಲ್ಲಿ ‘ಶ್ರೀ’ ಅಕ್ಷರ, ‘ಮಯಿಲಿ ಕಾಸು’ ಎಂಬ ಬರಹ, ಅಂಕಿ ಎಷ್ಟು ಉಳಿದಿವೆ ಎಂದು ನೋಡಬೇಕು. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು. ಆ ಹತ್ತು ವರ್ಷಗಳಲ್ಲಿ ಆನೆಯ ಜಾಗಕ್ಕೆ ಸಿಂಹ ಬಂತು, ಜೊತೆಗೆ ಇಸವಿಯೂ ಬಂತು. ಸಿಂಹದ ಕಾಸು ಸವೆದಿದ್ದರೂ ಇಸವಿ ಓದಲು ಬಂದರೆ ಅದಕ್ಕೆ ಬೆಲೆಯುಂಟು.

ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಮೊಬೈಲ್ ತಂದ ನಾಲ್ಕನೆಯ ‘ಅಳತೆ’ ಅಳತೆಯೇ ಅಲ್ಲ, ಮೋಸ. ವೈಷ್ಣೋದೇವಿ ಚಿತ್ರವಿರುವ 2012ರ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತಾರಂತೆ ಎಂಬ ಸುದ್ದಿ ನಮ್ಮ ಸಂತೆಗಳವರೆಗೆ ಬಂದಿದೆ. ಒಂದು ಬದಿ ‘1818 ಈಸ್ಟ್ ಇಂಡಿಯಾ ಕಂಪನಿ’, ಇನ್ನೊಂದು ಬದಿ ರಾಮಸೀತೆಯೋ ಆಂಜನೇಯನೋ ಇರುವ ಬಿಲ್ಲೆಗಳನ್ನು ಕಂಪನಿ ಎಂದೂ ಟಂಕಿಸಿಲ್ಲ. ಅವು ಈಚೆಗೆ ಮಾಡಿ ಬಿಟ್ಟವು. ಅಕ್ಕಿ ಎಳೆಯುವ ತಾಮ್ರದ ನಾಣ್ಯ ಎಂಬ ‘ರೈಸ್ ಪುಲ್ಲರ್’ ಕಥೆ ನಂಬಿ ಹಣ ಕಳೆದುಕೊಂಡವರ ವರದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಹಳೆಯ ನಾಣ್ಯ, ನೋಟು ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ಇಷ್ಟು ನೆನಪಿದ್ದರೆ ಸಾಕು.

ಕಾನೂನನ್ನೂ ತಿಳಿದಿರಬೇಕು. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬುದು 1878ರಿಂದಲೂ ಇರುವ ನಿಯಮ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ.

ಲೋಹ, ಓದು, ಸ್ಥಿತಿ ಈ ಮೂರನ್ನೂ ಬಲ್ಲವರು ಈಗ ಬೆಂಗಳೂರಿನಲ್ಲಿ ಸಾಕಷ್ಟು ಇದ್ದಾರೆ. ಕನ್ನಡನಾಡು ನಾಣ್ಯ ಸಂಘದ ಪ್ರದರ್ಶನಕ್ಕೆ ಹೋದರೆ ತೋರಿಸಿ ಕೇಳಬಹುದು. ಆದರೆ ಎಂ. ಎಚ್. ಕೃಷ್ಣ ಅವರ ಕಾಲದವರು ಕಲಿಸಿದ ಪ್ರಶ್ನೆ, ಇದು ಎಲ್ಲಿ ಸಿಕ್ಕಿತು ಎಂಬುದು, ಮಾರುಕಟ್ಟೆಯಲ್ಲಿ ಕೇಳಿಬರುವುದೇ ಇಲ್ಲ. ಅದಕ್ಕೆ ಉತ್ತರ ಮನೆಯವರಿಗೆ ಮಾತ್ರ ಗೊತ್ತು, ಅಜ್ಜಿ ಹೋದರೆ ಅದೂ ಹೋಯಿತು. ಆದ್ದರಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮನೆಗಳಲ್ಲಿ ಹಳೆಯ ಕಾಸು ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟೇ: ಈ ಹಬ್ಬಕ್ಕೆ ಅದನ್ನು ಹುಣಸೆ ನೀರಿಗೆ ಹಾಕಬೇಡಿ. ಹಾಗೆಯೇ ಇಟ್ಟು ಪೂಜೆ ಮಾಡಿ, ಆಮೇಲೆ ಒಣ ಕಾಗದದ ಲಕೋಟೆಯಲ್ಲಿಡಿ, ಮೆತ್ತನೆಯ ಪ್ಲಾಸ್ಟಿಕ್ ಬೇಡ. ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ: ಯಾವ ಊರು, ಯಾವ ಹೊಲ ಅಥವಾ ಯಾರ ಪೆಟ್ಟಿಗೆ, ಯಾವ ವರ್ಷ.