ಒಪ್ಪಿಗೆಯ ಆರೈಕೆ: ಚಿಕ್ಕಬಳ್ಳಾಪುರ ಸೀಮೆಯ ಹೆತ್ತವರು ಮತ್ತು ಪರಊರಿನಲ್ಲಿ ಓದುವ ಮಕ್ಕಳ ಕಾಯಿಲೆ

ಕಾಲೇಜಿನಲ್ಲಿ ಓದುವ ಮಗನೋ ಮಗಳೋ ಪರಊರಿನಲ್ಲಿ ಕಾಯಿಲೆ ಬಿದ್ದರೆ ಹೆತ್ತವರು ಏನು ಮಾಡಬೇಕು? ಈ ಪ್ರಶ್ನೆಗೆ ನಮ್ಮಲ್ಲಿ ರೂಢಿಯಾಗಿರುವ ಉತ್ತರಗಳು ಎರಡು: ಕೈಲಿದ್ದ ಕೆಲಸ ಬಿಟ್ಟು ಹೊರಡುವುದು, ಇಲ್ಲವೇ ಮಕ್ಕಳನ್ನು ಊರಿಗೆ ಕರೆತರುವುದು. ಎರಡರಲ್ಲೂ ಪ್ರೀತಿಯಿದೆ. ಆದರೆ ಆರೈಕೆಯೆಂದರೆ ಮಗ್ಗುಲಲ್ಲಿ ಕೂತು ಮಾಡುವ ಶುಶ್ರೂಷೆ ಮಾತ್ರ ಎಂಬ ನಂಬಿಕೆ ಎರಡರ ತಳದಲ್ಲೂ ಇದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ದುಡಿಮೆ, ಕಾಯಿಲೆಗಳ ನಡೆ ಮತ್ತು ಈಗಿರುವ ಕಾನೂನುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ನಂಬಿಕೆ ಸಾಲದು ಎಂಬುದು ಈ ಲೇಖನದ ವಾದ. ದೂರದ ಹೆತ್ತವರ ನಿಜವಾದ ಕೆಲಸ ಕಾಯಿಲೆ ಬರುವ ಮೊದಲೇ ಶುರುವಾಗುತ್ತದೆ. ಮಕ್ಕಳ ಒಪ್ಪಿಗೆಯ ಮೇಲೆ ನಿಲ್ಲುವ, ಹತ್ತಿರದಲ್ಲಿರುವ ಮೂರನೆಯವರೊಬ್ಬರನ್ನು ಒಳಗೊಳ್ಳುವ ಏರ್ಪಾಡನ್ನು ಕಟ್ಟುವುದೇ ಆ ಕೆಲಸ.

ದೂರ ಮತ್ತು ದುಡಿಮೆ

ಈ ನಾಲ್ಕು ಊರುಗಳು ಬೆಂಗಳೂರಿನಿಂದ ಸುಮಾರು 55ರಿಂದ 80 ಕಿಲೋಮೀಟರ್ ಅಂತರದಲ್ಲಿವೆ. ಚಿಕ್ಕಬಳ್ಳಾಪುರಕ್ಕೆ ರಾಷ್ಟ್ರೀಯ ಹೆದ್ದಾರಿ 44 ಇದೆ, ಗೌರಿಬಿದನೂರಿಗೆ ಗುಂತಕಲ್ ಮಾರ್ಗದ ರೈಲು ಇದೆ, ಯಲಹಂಕದಿಂದ ಕೋಲಾರಕ್ಕೆ ಹೋಗುವ ಹಳಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಹಾದು ಹೋಗುತ್ತದೆ. ಭೂಪಟ ನೋಡಿದವರಿಗೆ ಇದು ದೂರವೇ ಅಲ್ಲ. ಆದರೆ ಹೆತ್ತವರ ಪಾಲಿಗೆ ದೂರ ನಿರ್ಧಾರವಾಗುವುದು ಮನೆ ಬಿಟ್ಟು ಎಷ್ಟು ದಿನ ಇರಬಹುದು ಎಂಬುದರ ಮೇಲೆ. ರೇಷ್ಮೆ ಸಾಕುವ ಮನೆಯನ್ನೇ ತೆಗೆದುಕೊಳ್ಳಬಹುದು. ಮೊಟ್ಟೆಯೊಡೆದ ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಏರಲು ಸುಮಾರು 25 ದಿನ ಬೇಕು. ಅದು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ನಾಲ್ಕನೆಯ ಜ್ವರ, ಅಂದರೆ ಪೊರೆ ಕಳಚುವ ಹಂತ, ಎದ್ದ ಮೇಲಿನ ಏಳೆಂಟು ದಿನಗಳಲ್ಲೇ ಬೇಕಾಗುತ್ತದೆ. ಆ ವಾರದಲ್ಲಿ ಸೊಪ್ಪು ಕೊಯ್ಯುವ, ಹಾಕುವ, ಹಾಸಿಗೆ ಒಣಗಿಸುವ ಒಂದು ಜೊತೆ ಕೈ ಕಡಿಮೆಯಾದರೂ ಇಡೀ ಬೆಳೆ ಕೈಬಿಡಬಹುದು. ಶಿಡ್ಲಘಟ್ಟದ ನೂಲು ಬಿಚ್ಚಣಿಕೆದಾರರಿಗೂ ಬಿಡುವಿಲ್ಲ. ಗೂಡಿನಿಂದ ಚಿಟ್ಟೆ ಹೊರಬರುವ ಮೊದಲು ಅದನ್ನು ಬೇಯಿಸಿ ನೂಲು ತೆಗೆಯಲೇಬೇಕು. ಮಾರುಕಟ್ಟೆಯಲ್ಲಿ ಗೂಡು ಹಿಡಿದ ದಿನದಿಂದ ಕಾಲದ ಲೆಕ್ಕ ಓಡುತ್ತಿರುತ್ತದೆ, ಚರಕ ನಿಂತ ದಿನ ಕೂಲಿಯವರ ಸಂಪಾದನೆಯೂ ನಿಲ್ಲುತ್ತದೆ. ಸಂಘಕ್ಕೆ ದಿನಕ್ಕೆರಡು ಹೊತ್ತು ಹಾಲು ಹಾಕುವ, ಟೊಮೆಟೊ ಅಥವಾ ಹೂವು ಬೆಳೆಯುವ ಮನೆಗಳ ಸ್ಥಿತಿಯೂ ಇಷ್ಟೇ.

ಹೊರಡುವುದಕ್ಕೆ ಅಡ್ಡಿಯಾಗುವುದು ದುಡ್ಡು ಮಾತ್ರವಲ್ಲ ಎಂಬುದನ್ನು ಇದು ತೋರಿಸುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಚಿಂತಾಮಣಿಯ ತಾಯಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಬೆಂಗಳೂರಿಗೆ ಟಿಕೆಟ್ ಹಣ ಕೊಡದೆ ಹೋಗಿಬರಬಲ್ಲಳು. ಕಾಯಿಲೆಯ ಮಕ್ಕಳ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಬಸ್ಸಿನ ಖರ್ಚು ಉಳಿದರೂ ಹುಳುಮನೆಯ ವಾರ ಉಳಿಯುವುದಿಲ್ಲ. ಆದ್ದರಿಂದ ಹೋಗಬೇಕೋ ಬೇಡವೋ ಎಂಬುದಕ್ಕಿಂತ ಯಾವ ದಿನ ಹೋಗಲೇಬೇಕು, ಉಳಿದ ದಿನ ಯಾರು ನೋಡಿಕೊಳ್ಳಬೇಕು ಎಂಬುದು ಹೆಚ್ಚು ಉಪಯುಕ್ತವಾದ ಪ್ರಶ್ನೆ.

ಹತ್ತಿರದಲ್ಲಿದ್ದವರು ಯಾರು

ಈ ಸೀಮೆಯ ಮಕ್ಕಳು ಓದಿಗಾಗಿ ಬೆಂಗಳೂರಿಗೆ ಹೋಗುವುದು ಹೊಸತಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ತಂದೆಯನ್ನು ಕಳೆದುಕೊಂಡ ಹುಡುಗನಾಗಿ, ಸೋದರಮಾವನ ಆಸರೆಯಲ್ಲಿ, ಮನೆಪಾಠ ಹೇಳಿ ಸಂಪಾದಿಸುತ್ತ ಓದಿ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1930ರ ದಶಕದಲ್ಲಿ ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದರು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ 2005ರಲ್ಲಿ ತೀರಿಕೊಳ್ಳುವವರೆಗೆ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬದುಕಿದರು. ಈ ಎರಡು ಬದುಕುಗಳು ಎರಡು ವ್ಯವಸ್ಥೆಗಳ ಗುರುತು. ಮೊದಲನೆಯದರಲ್ಲಿ ಹೆತ್ತವರ ಬದಲಿಗೆ ನಿಂತದ್ದು ನೆಂಟರ ಮನೆ, ಎರಡನೆಯದರಲ್ಲಿ ಹಿರಿಯರೊಬ್ಬರು ಮಕ್ಕಳ ನಡುವೆಯೇ ಉಳಿಯುವ ವಿದ್ಯಾರ್ಥಿನಿಲಯ. ಎರಡರಲ್ಲೂ ರಾತ್ರಿ ಜ್ವರ ಏರಿದರೆ ಬಾಗಿಲು ತಟ್ಟಲು ಒಬ್ಬರಿದ್ದರು. ಇಂದು ಅನೇಕ ಮಕ್ಕಳು ಇರುವ ಪಿ.ಜಿ.ಯಲ್ಲಿ ಹಾಸಿಗೆ, ಊಟ, ಬೀಗ ಇವೆ, ಮಕ್ಕಳ ಆರೋಗ್ಯಕ್ಕೆ ಹೊಣೆಯಾದ ಹಿರಿಯರು ಇರಬೇಕೆಂಬ ಕಟ್ಟುಪಾಡಿಲ್ಲ. ಹಿಂದೆ ವ್ಯವಸ್ಥೆಯೇ ಒದಗಿಸುತ್ತಿದ್ದ ಆ ಒಬ್ಬರನ್ನು ಈಗ ಮನೆಯವರೇ ಹುಡುಕಿ ಗೊತ್ತುಮಾಡಬೇಕಾಗಿದೆ.

ಆರೈಕೆಯ ನೀತಿಯನ್ನು ಕುರಿತು 1993ರಲ್ಲಿ 'ಮಾರಲ್ ಬೌಂಡರೀಸ್' ಎಂಬ ಗ್ರಂಥ ಬರೆದ ಅಮೆರಿಕದ ಚಿಂತಕಿ ಜೋನ್ ಟ್ರಾಂಟೊ ಆರೈಕೆಯಲ್ಲಿ ನಾಲ್ಕು ಹಂತಗಳನ್ನು ಗುರುತಿಸುತ್ತಾರೆ: ಅಗತ್ಯವನ್ನು ಗಮನಿಸುವುದು, ಹೊಣೆ ಹೊರುವುದು, ಕೈಯಾರೆ ಉಪಚರಿಸುವುದು, ಉಪಚಾರ ಪಡೆದವರ ಪ್ರತಿಕ್ರಿಯೆಗೆ ಕಿವಿಗೊಡುವುದು. ಮನೆಯಲ್ಲಿ ಈ ನಾಲ್ಕನ್ನೂ ಸಾಮಾನ್ಯವಾಗಿ ತಾಯಿಯೊಬ್ಬಳೇ ಮಾಡುವುದರಿಂದ ಅವು ಬೇರೆಬೇರೆಯೆಂದು ನಮಗೆ ತೋರುವುದೇ ಇಲ್ಲ. ದೂರ ಅವನ್ನು ಬಿಡಿಸುತ್ತದೆ. ಮೂರನೆಯದು ಮಾತ್ರ ಪರರ ಕೈಗೆ ಹೋಗಬೇಕು. ಉಳಿದ ಮೂರನ್ನು ಶಿಡ್ಲಘಟ್ಟದಲ್ಲಿ ಕೂತೇ ಮಾಡಬಹುದು, ಮಾಡಬೇಕು. ಆದರೆ ಅವನ್ನು ಮಾಡಲು ಕಾಯಿಲೆಯ ನಡೆ ಗೊತ್ತಿರಬೇಕು.

ಕಾಯಿಲೆಯ ನಡೆ

ಡೆಂಗಿಯನ್ನು ನೋಡೋಣ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಡೆಂಗಿಯ ಅಪಾಯದ ಘಟ್ಟ ಸಾಮಾನ್ಯವಾಗಿ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ, ಅಂದರೆ ಮೂರನೆಯ ದಿನದಿಂದ ಏಳನೆಯ ದಿನದೊಳಗೆ. ಫೋನಿನಲ್ಲಿ 'ಜ್ವರ ಬಿಟ್ಟಿದೆ' ಎಂದು ಕೇಳಿ ಹೆತ್ತವರು ನಿಟ್ಟುಸಿರು ಬಿಡುವ ಗಳಿಗೆಯೇ ಎಚ್ಚರ ಹೆಚ್ಚಾಗಬೇಕಾದ ಗಳಿಗೆ. ಹೊಟ್ಟೆನೋವು ಬಿಡದೆ ಕಾಡುತ್ತಿದೆಯೇ, ವಾಂತಿ ನಿಂತಿದೆಯೇ, ವಸಡಿನಲ್ಲಿ ರಕ್ತ ಕಾಣುತ್ತಿದೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಮಂಪರು ಅಥವಾ ಚಡಪಡಿಕೆ ಇದೆಯೇ, ಐಬುಪ್ರೊಫೆನ್ ಅಥವಾ ಆಸ್ಪಿರಿನ್ ನುಂಗಿದ್ದಾರೆಯೇ ಎಂದು ಆಗ ಕೇಳಬೇಕು. 'ಊಟ ಆಯ್ತಾ, ಹೇಗಿದ್ದೀಯ' ಎಂಬ ಮಾತಿನಿಂದ ಇದಾವುದೂ ಹೊರಬರುವುದಿಲ್ಲ. ಮಂಪರು ಕವಿದ ಮಕ್ಕಳು ತಮ್ಮ ಮಂಪರನ್ನು ತಾವೇ ಹೇಳಲಾರರು, ಕೋಣೆಯ ಜೊತೆಗಾರರು ಹೇಳಬಲ್ಲರು. ಹತ್ತಿರದ ಮೂರನೆಯವರ ಅಗತ್ಯ ಇಲ್ಲಿ ವೈದ್ಯಕೀಯ ಅಗತ್ಯವೇ ಆಗಿದೆ.

ಕ್ಷಯದ ನಡೆ ಬೇರೆ. ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೂ ಆರು ತಿಂಗಳ ಚಿಕಿತ್ಸೆ ಬೇಕು. ಅಷ್ಟರಲ್ಲಿ ಒಂದು ಸೆಮಿಸ್ಟರ್ ಮುಗಿದು ಇನ್ನೊಂದಕ್ಕೆ ಕಾಲಿಟ್ಟಿರುತ್ತದೆ. ಇಲ್ಲಿ ಓಡಿಹೋಗುವುದರಿಂದ ಫಲ ಕಡಿಮೆ, ಮಾತ್ರೆ ತಪ್ಪದಿರುವುದೇ ಮುಖ್ಯ. ರಜೆಗೆ ಊರಿಗೆ ಬಂದಾಗ ಮಾತ್ರೆ ತಪ್ಪಬಾರದು, ಕ್ಷಯರೋಗಿಗಳ ದಾಖಲೆಯಿಡುವ ಸರ್ಕಾರಿ ನಿಕ್ಷಯ್ ಜಾಲದಲ್ಲಿ ಚಿಕಿತ್ಸೆಯನ್ನು ಒಂದು ಜಿಲ್ಲೆಯಿಂದ ಮತ್ತೊಂದಕ್ಕೆ ವರ್ಗಾಯಿಸಿಕೊಳ್ಳಬಹುದು ಎಂಬುದು ಮನೆಯವರಿಗೆ ತಿಳಿದಿರಬೇಕು, 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿಗೆ ಏರಿರುವ ಪೌಷ್ಟಿಕ ನೆರವು ಮಕ್ಕಳ ಖಾತೆಗೆ ಬರುತ್ತಿದೆಯೇ ಎಂದು ನೋಡಬೇಕು. ಇವೆಲ್ಲ ಊರಿನಿಂದಲೇ ಆಗುವ ಕೆಲಸಗಳು. ಮನೋರೋಗದ್ದು ಮೂರನೆಯ ಬಗೆ. ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಂತೆ ಬದುಕಿನಲ್ಲಿ ಎಂದಾದರೂ ಕಾಡುವ ಮಾನಸಿಕ ಕಾಯಿಲೆಗಳಲ್ಲಿ ನಾಲ್ಕರಲ್ಲಿ ಮೂರು 24 ವರ್ಷದೊಳಗೆ ತಲೆದೋರುತ್ತವೆ. ಅಂದರೆ ಮನೆ ಬಿಟ್ಟು ಓದುವ ವಯಸ್ಸೂ ಈ ಕಾಯಿಲೆ ಕಾಣಿಸಿಕೊಳ್ಳುವ ವಯಸ್ಸೂ ಒಂದರ ಮೇಲೊಂದು ಬೀಳುತ್ತವೆ. ಇಂಥಲ್ಲಿ ಹೆತ್ತವರು ದಿಗಿಲುಬಿದ್ದು ಸಾಮಾನು ಕಟ್ಟಿಸಿ ಕರೆತಂದರೆ ಆಗತಾನೆ ಶುರುವಾದ ಚಿಕಿತ್ಸೆ ಕಡಿದುಹೋಗಬಹುದು. ನಿಮ್ಹಾನ್ಸ್ ಮುಂಚೂಣಿಯಲ್ಲಿರುವ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹೆತ್ತವರೂ ಕರೆಮಾಡಿ ತಾವು ಹೇಗೆ ಮಾತಾಡಬೇಕೆಂದು ಕೇಳಬಹುದು.

ಕಾನೂನು ಮತ್ತು ಒಪ್ಪಿಗೆ

ಹದಿನೆಂಟು ತುಂಬಿದವರು ಕಾನೂನಿನ ಕಣ್ಣಿನಲ್ಲಿ ಸ್ವತಂತ್ರರು. 2002ರ ವೈದ್ಯರ ವೃತ್ತಿನೀತಿ ನಿಯಮಗಳ ಪ್ರಕಾರ ರೋಗಿಯ ಗುಟ್ಟನ್ನು ವೈದ್ಯರು ಸಾಮಾನ್ಯವಾಗಿ ಹೊರಗೆಡಹುವಂತಿಲ್ಲ. ಫೋನಿನಲ್ಲಿ 'ನಾನು ತಂದೆ' ಎಂದ ಮಾತ್ರಕ್ಕೆ ವಿವರ ಹೇಳದಿರುವ ವೈದ್ಯರು ತಮ್ಮ ಕರ್ತವ್ಯವನ್ನೇ ಮಾಡುತ್ತಿದ್ದಾರೆ. ಆದರೆ ಅದೇ ನಿಯಮಗಳು ರೋಗಿಯಾಗಲಿ ಅಧಿಕೃತ ಸಹಾಯಕರಾಗಲಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದೂ ಹೇಳುತ್ತವೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ರೋಗಿ ಎದುರಿಗಿಲ್ಲದಿದ್ದರೂ ಅವರಿಂದ ಅಧಿಕಾರಪತ್ರ ಪಡೆದವರು ವೈದ್ಯರನ್ನು ದೂರದಿಂದಲೇ ಸಮಾಲೋಚಿಸಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಕಲಮು ಇನ್ನೂ ಮುಂದೆ ಹೋಗುತ್ತದೆ: ವಯಸ್ಕರಾದ ಯಾರೇ ಆಗಲಿ ಬರಿಯ ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ತಮ್ಮ ನಾಮನಿರ್ದೇಶಿತ ಪ್ರತಿನಿಧಿಯನ್ನು ಗೊತ್ತುಮಾಡಬಹುದು, ಬೇಕೆಂದಾಗ ಬದಲಿಸಬಹುದು. ಕಾನೂನು ಹೆತ್ತವರಿಗೆ ಬಾಗಿಲು ಮುಚ್ಚಿಲ್ಲ, ಬೀಗದ ಕೈಯನ್ನು ಮಕ್ಕಳ ಕೈಗೆ ಕೊಟ್ಟಿದೆ.

ಇದರಿಂದ ಹೊರಡುವ ಕೆಲಸ ಸರಳವಾದದ್ದು. ಕಾಲೇಜು ಸೇರುವ ವಾರದಲ್ಲೇ ಮಕ್ಕಳೊಂದಿಗೆ ಕೂತು, ತಮ್ಮ ಆರೋಗ್ಯದ ವಿವರ ಯಾರಿಗೆ ಹೇಳಬಹುದು, ಯಾವುದನ್ನು ಹೇಳಬಾರದು ಎಂಬುದನ್ನು ಅವರಿಂದಲೇ ಬರೆಸಿ ಸಹಿ ಹಾಕಿಸಬೇಕು. ಅದರ ಒಂದು ಪ್ರತಿ ಮನೆಯಲ್ಲಿ, ಒಂದು ವಾರ್ಡನ್ ಅಥವಾ ಅಧ್ಯಾಪಕರಲ್ಲಿ, ಒಂದು ಕೋಣೆಯ ಜೊತೆಗಾರರಲ್ಲಿ ಇರಬೇಕು. ಜೊತೆಗೆ ರಕ್ತದ ಗುಂಪು, ಒಗ್ಗದ ಔಷಧ, ರೇಷನ್ ಕಾರ್ಡಿನ ಪ್ರತಿ ಇರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಆದರೆ ಕಾರ್ಡು ಚಿಂತಾಮಣಿಯ ಟ್ರಂಕಿನಲ್ಲಿದ್ದು ರೋಗಿ ಬೆಂಗಳೂರಿನಲ್ಲಿದ್ದರೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವ ಕುಟುಂಬಗಳು ಈ ಸೀಮೆಯಲ್ಲಿ ಬಹಳ. ಆಸ್ಪತ್ರೆಯ ಕಡೆಯಿಂದ ಕರೆ ಬಂದಾಗ ಮಾತಾಡುವವರು ಯಾರೆಂಬುದನ್ನೂ ಆ ಹಾಳೆಯಲ್ಲಿ ಬರೆದಿಡಬೇಕು.

ಆಕ್ಷೇಪಗಳು

ಇದು ಹೆತ್ತವರಿಗೆ ತಪ್ಪಿಸಿಕೊಳ್ಳುವ ದಾರಿ ತೋರಿಸಿದಂತೆ, ತಾಯಿಯ ಕೈಗೆ ಬದಲಿಯಿಲ್ಲ ಎಂಬುದು ಮೊದಲ ಆಕ್ಷೇಪ. ತಾಯಿಯ ಕೈಗೆ ಬದಲಿಯಿಲ್ಲ ಎಂಬುದು ನಿಜ. ಆದ್ದರಿಂದಲೇ ಅದು ಸರಿಯಾದ ದಿನ ಅಲ್ಲಿರಬೇಕು. ಜ್ವರದ ಮೊದಲ ದಿನ ಓಡಿಹೋಗಿ, ಹುಳುವಿಗಾಗಿ ನಾಲ್ಕನೆಯ ದಿನ ಮರಳಿ ಬಂದ ತಾಯಿ ಡೆಂಗಿಯ ಅಪಾಯದ ಘಟ್ಟಕ್ಕೆ ಅಲ್ಲಿರದೇ ಹೋಗಬಹುದು. ಮುಂದಾಗಿ ಮಾಡಿದ ಏರ್ಪಾಡು ಹೋಗುವುದನ್ನು ತಪ್ಪಿಸುವುದಿಲ್ಲ, ಯಾವಾಗ ಹೋಗಬೇಕೆಂದು ತಿಳಿಸುತ್ತದೆ.

ಊರಿಗೆ ಕರೆತರುವುದೇ ಸುರಕ್ಷಿತವಲ್ಲವೇ ಎಂಬುದು ಎರಡನೆಯದು. ಶಸ್ತ್ರಚಿಕಿತ್ಸೆಯ ಬಳಿಕದ ವಿಶ್ರಾಂತಿಗೆ, ಒಂಟಿಯಾಗಿ ಬಿಡಲಾಗದ ಸ್ಥಿತಿಯಲ್ಲಿ ಮನೆಯೇ ಸರಿ. ಜಿಲ್ಲೆಯಲ್ಲೇ ಈಗ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಮುದ್ದೇನಹಳ್ಳಿಯಲ್ಲಿ 2023ರಲ್ಲಿ ಒಂದು ಹೊಸದಾಗಿ ಆರಂಭವಾಯಿತು. ಆದರೆ ಪ್ರತಿ ಕಾಯಿಲೆಗೂ ಇದೇ ಉತ್ತರವಾದರೆ ಎರಡು ನಷ್ಟಗಳಿವೆ. ಒಂದು ಓದಿನದು. ಸೆಮಿಸ್ಟರಿಗೆ 90 ಬೋಧನಾ ದಿನ, ಶೇಕಡಾ 75 ಹಾಜರಾತಿ ಎಂದು ಹಿಡಿದರೆ 22 ದಿನ ಮೀರಿದ ಗೈರು ಪರೀಕ್ಷೆಯನ್ನೇ ತಪ್ಪಿಸಬಹುದು. ಇನ್ನೊಂದು ನಂಬಿಕೆಯದು. ಕಾಯಿಲೆ ಹೇಳಿದರೆ ಓದು ಬಿಡಿಸುತ್ತಾರೆಂಬ ಭಯವಿದ್ದಲ್ಲಿ ಮಕ್ಕಳು ಕಾಯಿಲೆಯನ್ನೇ ಬಚ್ಚಿಡುತ್ತಾರೆ. ಊರಿಗೆ ಬಂದರೆ ಮದುವೆಯ ಮಾತು ಏಳಬಹುದೆಂದು ಅಂಜುವ ಹೆಣ್ಣುಮಕ್ಕಳಿಗೆ ಈ ಭಯ ಇನ್ನೂ ದೊಡ್ಡದು. ಹೇಳಿದರೂ ಓದು ನಿಲ್ಲುವುದಿಲ್ಲ ಎಂಬ ಭರವಸೆಯನ್ನು ಹೆತ್ತವರು ಮೊದಲೇ ಬಾಯಿಬಿಟ್ಟು ಕೊಡಬೇಕು. ಕಾಯಿಲೆ ಬೇಗ ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಎಲ್ಲವನ್ನೂ ಬಡ ಮನೆಯ ಮೇಲೆ ಹೇರುವುದು ನ್ಯಾಯವೇ ಎಂಬ ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದನ್ನು ಒಪ್ಪಲೇಬೇಕು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ತೀರ್ಪು ನೂರು ಮತ್ತು ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕೆಂದು ಹೇಳಿತು. ಇದು ಮಕ್ಕಳ ಆರೋಗ್ಯದ ಹೊಣೆಯಲ್ಲಿ ಸಂಸ್ಥೆಗೂ ಪಾಲಿದೆ ಎಂಬ ಮಾತು. ಇದೇ ಜಾಡಿನಲ್ಲಿ ಒಪ್ಪಿಗೆಯ ಹಾಳೆಯನ್ನು ಪ್ರವೇಶದ ಅರ್ಜಿಯ ಜೊತೆಗೇ ಕನ್ನಡದಲ್ಲಿ ಕೊಡುವುದು, ಅದನ್ನು ತುಂಬುವುದನ್ನು ವಿದ್ಯಾರ್ಥಿಯ ಇಚ್ಛೆಗೆ ಬಿಡುವುದು, ಪಿ.ಜಿ.ಯಲ್ಲಿರುವವರಿಗೂ ಒಬ್ಬ ಅಧ್ಯಾಪಕರನ್ನು ಹೆಸರು ಹಿಡಿದು ನೇಮಿಸುವುದು, ಕಾಯಿಲೆಯ ಗೈರಿಗೆ ವೈದ್ಯರ ಪತ್ರ ಸಲ್ಲಿಸುವ ದಾರಿಯನ್ನು ಮೊದಲ ವಾರವೇ ತಿಳಿಸುವುದು ಕಾಲೇಜುಗಳ ಕರ್ತವ್ಯವಾಗಬೇಕು. ಇದಕ್ಕೆ ಹೊಸ ಕಟ್ಟಡವೂ ದೊಡ್ಡ ಅನುದಾನವೂ ಬೇಕಿಲ್ಲ.

ದುಡಿಮೆ ಹೆತ್ತವರನ್ನು ಊರಿನಲ್ಲಿ ಕಟ್ಟಿಹಾಕಿದೆ, ವಯಸ್ಸು ಮಕ್ಕಳಿಗೆ ಸ್ವಂತ ಹಕ್ಕು ಕೊಟ್ಟಿದೆ, ನಗರದ ವಸತಿ ನಡುವಿನ ಹಿರಿಯರನ್ನು ಕಳೆದಿದೆ. ಈ ಮೂರರಲ್ಲಿ ಮೊದಲೆರಡನ್ನು ಹೆತ್ತವರು ಬದಲಿಸಲಾರರು, ಎರಡನೆಯದನ್ನು ಬದಲಿಸಲೂಬಾರದು. ಮೂರನೆಯದನ್ನು ಮನೆ ಮತ್ತು ಕಾಲೇಜು ಸೇರಿ ತುಂಬಿಕೊಡಬಹುದು. ದೂರದ ಆರೈಕೆಯ ಗುಣವನ್ನು ಹೆತ್ತವರು ಎಷ್ಟು ಬೇಗ ಬಸ್ಸು ಹತ್ತಿದರು ಎಂಬುದರಿಂದ ಅಳೆಯುವುದನ್ನು ಬಿಟ್ಟು, ಮಕ್ಕಳು ಎಷ್ಟು ಬೇಗ, ಎಷ್ಟು ನಿರ್ಭಯವಾಗಿ ತಮ್ಮ ಕಾಯಿಲೆಯನ್ನು ಹೇಳಿಕೊಂಡರು ಎಂಬುದರಿಂದ ಅಳೆಯಬೇಕು.