ಎಲ್ಲರ ಕೈಗೂ ಒಗ್ಗುವ ಯಂತ್ರ



ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ನಾವು ತಿಕೋಟಾಕ್ಕೆ ಹೋಗಿದ್ದೆವು. ಸುತ್ತಲೂ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿಯ ಶೆಡ್ಡುಗಳು, ಮೇಲೆ ಸುಡುವ ಬಿಸಿಲು. ತೋಟದ ಮನೆಯೊಂದರ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧೆಯನ್ನು "ಆಯಿ, ಕುಡಿಯಾಕ ಒಂದಿಷ್ಟು ನೀರ ಕೊಡ್ರಿ" ಎಂದು ಕೇಳಿದೆ. ಕೊಡದ ತಳದಲ್ಲಿದ್ದ ನೀರನ್ನು ತಂಬಿಗೆಗೆ ಬಗ್ಗಿಸಿ ಕೊಟ್ಟ ಅವರು ನಕ್ಕು ಹೇಳಿದರು: "ನಮ್ಮನಿ ನೀರ ಬರಬೇಕಂದ್ರ ಮಗ ಫೋನಿನ್ಯಾಗ ಒತ್ತಬೇಕ್ ನೋಡ ತಮ್ಮಾ. ಅಂವ ವಿಜಾಪುರಕ್ಕ ಹ್ವಾದ್ರ ನಳಾನೂ ಅವನ ಬೆನ್ನ ಹತ್ತಿ ಹೋಗತೈತಿ."

ಆ ಮನೆಯ ಕೊಳವೆಬಾವಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದ್ದರು. ಸ್ಟಾರ್ಟರಿನೊಳಗೆ ಒಂದು ಸಿಮ್ ಕಾರ್ಡ್ ಇರುತ್ತದೆ. ರೈತ ಎಲ್ಲಿಂದಲೋ ಫೋನ್ ಮಾಡಿದರೆ ಮೋಟಾರು ಚಾಲೂ ಆಗುತ್ತದೆ, ಬಂದ್ ಆಗುತ್ತದೆ. ಇದು ದೊಡ್ಡ ಉಪಕಾರವೆಂಬುದನ್ನು ಮರೆಯಬಾರದು. ಅಪರಾತ್ರಿ ಕರೆಂಟು ಬಂದಾಗ ಹಾವು ಚೇಳುಗಳ ನಡುವೆ ಬ್ಯಾಟರಿ ಹಿಡಿದು ತೋಟಕ್ಕೆ ಓಡುವ ಕಷ್ಟ ಅದರಿಂದ ತಪ್ಪಿತು. ಆದರೆ ಅದನ್ನು ಕೂಡಿಸಿದವರು ಮನೆಯಲ್ಲಿ ಮೊದಲಿದ್ದ ಗುಂಡಿಯನ್ನು ಕಿತ್ತುಹಾಕಿದ್ದರು. ಮಗನಿಗೆ ಸುಲಭವಾದದ್ದು ತಾಯಿಗೆ ದುರ್ಲಭವಾಯಿತು. ನಲವತ್ತು ವರ್ಷ ಆ ಮನೆಗೆ ನೀರು ತುಂಬಿದ ಕೈ ಈಗ ಇನ್ನೊಬ್ಬರ ದಾರಿ ಕಾಯಬೇಕಾಯಿತು.

ಇಂದು ದೀಪ, ಫ್ಯಾನು, ಬೀಗ, ನೀರಿನ ಟಾಕಿ ಎಲ್ಲವೂ ಜಾಣ ಉಪಕರಣಗಳಾಗುತ್ತಿವೆ. ಜಾಣತನ ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ತಿಕೋಟಾದಿಂದ ವಿಜಯಪುರಕ್ಕೆ ಹಿಂದಿರುಗುವ ದಾರಿಯಲ್ಲೇ ತೊರವಿ ಗ್ರಾಮವಿದೆ. ಅಲ್ಲಿ ಸ್ವಲ್ಪ ನಿಲ್ಲೋಣ.

ಆದಿಲ್‌ಶಾಹಿಗಳ ಕಾಲದಲ್ಲಿ ಈ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗ ಕಾಲುವೆಯ ಮೂಲಕ ರಾಜಧಾನಿಗೆ ನೀರು ಹರಿಯುತ್ತಿತ್ತು. ಪರ್ಷಿಯಾದಲ್ಲಿ ಬಳಕೆಯಲ್ಲಿದ್ದ ಈ ವಿಧಾನಕ್ಕೆ ಕಾರೇಜ್ ಎಂದು ಹೆಸರು. ಮುಂದೆ 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಆಳ್ವಿಕೆಯಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ನಿರ್ಮಾಣವಾಯಿತು. ಅಲ್ಲಿಂದ ಗಾರೆಯ ಹೊದಿಕೆಯೊಳಗೆ ಹುಗಿದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು.

ನೀರಿನ ಕಂಬ ಹತ್ತು ಮೀಟರ್ ಎತ್ತರವಿದ್ದರೆ ಅದರ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರ ಬೀಳುತ್ತದೆಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಮಣ್ಣಿನ ಕೊಳವೆ ಹೆಚ್ಚಿನ ಒತ್ತಡವನ್ನು ತಾಳಲಾರದು. ಅದಕ್ಕಾಗಿ ಅಂದಿನ ಕುಶಲಕರ್ಮಿಗಳು ದಾರಿಯುದ್ದಕ್ಕೂ 25ರಿಂದ 40 ಅಡಿ ಎತ್ತರದ ಕಲ್ಲಿನ ಗೋಪುರಗಳನ್ನು ಕಟ್ಟಿದರು. ಇವೇ ಗಂಜ್‌ಗಳು. ಕೊಳವೆಯ ನೀರು ಗೋಪುರದಲ್ಲಿ ಮೇಲೇರಿ, ತನ್ನ ಒತ್ತಡ ಕಳೆದುಕೊಂಡು, ಹೂಳನ್ನು ತಳದಲ್ಲಿ ಬಿಟ್ಟು ಮುಂದಕ್ಕೆ ಹರಿಯುತ್ತಿತ್ತು. ವಿಜಯಪುರದ ರಸ್ತೆಗಳ ಪಕ್ಕದಲ್ಲಿ ಇಂಥ ಗೋಪುರಗಳು ಈಗಲೂ ನಿಂತಿವೆ. ದಿನಾ ಅವುಗಳ ಮುಂದೆಯೇ ಕಾಲೇಜಿಗೆ ಹೋಗುವ ನೀವು ಒಮ್ಮೆಯಾದರೂ ತಲೆಯೆತ್ತಿ ನೋಡಿದ್ದೀರಾ?

ಇಲ್ಲಿ ಒಂದು ಮಾತನ್ನು ಗಮನಿಸಿ. ಹೌದಿನ ಬಳಿ ಕೊಡ ಹಿಡಿದು ನಿಂತವರಿಗೆ ಒತ್ತಡದ ಲೆಕ್ಕ ಗೊತ್ತಿರಬೇಕಾಗಿರಲಿಲ್ಲ. ಕಷ್ಟದ ಕೆಲಸವನ್ನೆಲ್ಲ ಗೋಪುರ ಮಾಡುತ್ತಿತ್ತು, ಬಳಸುವವರಿಗೆ ಉಳಿಯುತ್ತಿದ್ದುದು ಕೊಡ ಅದ್ದುವ ಕೆಲಸ ಮಾತ್ರ. ಜಾಣತನವನ್ನೆಲ್ಲ ಯಂತ್ರ ತನ್ನಲ್ಲೇ ಇಟ್ಟುಕೊಂಡು ಮನುಷ್ಯನಿಗೆ ಸರಳವಾದದ್ದನ್ನು ಬಿಟ್ಟುಕೊಡಬೇಕು. ಇದು ಮೊದಲನೆಯ ಪಾಠ.

ಎರಡನೆಯ ಪಾಠ ಕಹಿಯಾದದ್ದು. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದ ಮೇಲೆ ನಗರ ಸೊರಗಿತು. ಕೊಳವೆಗಳನ್ನು ತೊಳೆದು, ಸೋರುವಲ್ಲಿ ಗಾರೆ ಮೆತ್ತುವವರಿಲ್ಲದೆ ಆ ವ್ಯವಸ್ಥೆ ಕ್ರಮೇಣ ಕೆಟ್ಟಿತು. ಎಷ್ಟೇ ಚೆಂದದ ಯಂತ್ರವಾದರೂ ಅದನ್ನು ದುರಸ್ತಿ ಮಾಡಬಲ್ಲವರು ಊರಲ್ಲಿ ಇರದಿದ್ದರೆ ಅದು ಸ್ಮಾರಕವಾಗುತ್ತದೆ.

ಈಗ ಮೂರು ಶತಮಾನ ದಾಟಿ ಬಬಲೇಶ್ವರದ ದಾರಿ ಹಿಡಿಯೋಣ. ಅಲ್ಲಿಯ ಹಳ್ಳಿಯೊಂದರ ಶಾಲೆಯ ಪಕ್ಕದಲ್ಲಿ ನಾನು ಕಂಡದ್ದು ಒಂದು ಬೋರಿಂಗು, ಅಂದರೆ ಕೈಪಂಪು. ಎಂಟು ವರ್ಷದ ಹುಡುಗಿಯೊಬ್ಬಳು ಹಿಡಿಕೆಗೆ ಜೋತುಬಿದ್ದು ನೀರೆತ್ತುತ್ತಿದ್ದಳು, ಅವಳ ತಮ್ಮ ಬೊಗಸೆಯೊಡ್ಡಿ ಕುಡಿಯುತ್ತಿದ್ದ. ಯಾರೂ ಅವರಿಗೆ ಪಾಠ ಹೇಳಿಕೊಟ್ಟಿರಲಿಲ್ಲ.

ಈ ಪಂಪಿನ ಕಥೆಗೂ ನಮ್ಮ ಸೀಮೆಗೂ ನಂಟಿದೆ. ಐವತ್ತು ಅರವತ್ತು ವರ್ಷಗಳ ಹಿಂದೆ ನಮ್ಮ ಹಳ್ಳಿಗಳಲ್ಲಿ ಹಾಕಿದ ಕೈಪಂಪುಗಳು ಬಹುಮಟ್ಟಿಗೆ ಪಾಶ್ಚಾತ್ಯ ದೇಶಗಳ ಎರಕದ ಕಬ್ಬಿಣದ ಪಂಪುಗಳ ನಕಲುಗಳಾಗಿದ್ದವು. ಆ ಮೂಲ ಪಂಪುಗಳನ್ನು ರೂಪಿಸಿದ್ದು ಒಂದೊಂದು ಕುಟುಂಬದ ಬಳಕೆಗೆ. ಇಲ್ಲಿ ಇಡೀ ಊರೇ ಬೆಳಗಿನಿಂದ ಸಂಜೆಯವರೆಗೆ ಒಂದೇ ಪಂಪನ್ನು ಜಗ್ಗುತ್ತಿತ್ತು. ಅವು ಸಾಲುಸಾಲಾಗಿ ಕೆಟ್ಟು ನಿಂತವು. ತಪ್ಪು ಹೆಂಗಸರ ಕೈಯದೂ ಅಲ್ಲ, ಮಕ್ಕಳ ತುಂಟತನದ್ದೂ ಅಲ್ಲ. ಬಳಸುವವರು ಯಾರೆಂದು ವಿಚಾರಿಸದೆ ಯಂತ್ರ ತಂದದ್ದೇ ತಪ್ಪು.

ಆಗ ತಾಳಿಕೆಯಲ್ಲಿ ಹೆಸರು ಪಡೆದದ್ದು ವಿಜಯಪುರದಿಂದ ಸುಮಾರು ನೂರು ಕಿಲೋಮೀಟರ್ ಉತ್ತರಕ್ಕಿರುವ ಸೊಲ್ಲಾಪುರದ ಪಂಪು. ಅದರ ಅನುಭವದ ಮೇಲೆ 1970ರ ದಶಕದಲ್ಲಿ ಭಾರತ ಸರ್ಕಾರ, ಯುನಿಸೆಫ್ ಮತ್ತು ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ ಕೂಡಿ ಇಂಡಿಯಾ ಮಾರ್ಕ್ 2 ಪಂಪನ್ನು ರೂಪಿಸಿದವು. ಇದರಲ್ಲಿ ಹಿಡಿಕೆಯ ಒಳತುದಿಗೆ ಸರಪಳಿ, ಸರಪಳಿಗೆ ಬಾವಿಯೊಳಗಿನ ಸರಳುಗಳು. ಹೊರಗಿನ ಹಿಡಿಕೆ ಉದ್ದವಾಗಿ, ಭಾರವಾಗಿ ಇರುವುದರಿಂದ ಅದು ಸರಳುಗಳ ತೂಕಕ್ಕೆ ತಕ್ಕಡಿಯ ಇನ್ನೊಂದು ತಟ್ಟೆಯಂತೆ ನಿಲ್ಲುತ್ತದೆ. ಆದ್ದರಿಂದಲೇ ಎಂಟು ವರ್ಷದ ಹುಡುಗಿಯ ಬಲವೂ ಸಾಕಾಗುತ್ತದೆ. ಆದರೆ ಬಾವಿಯೊಳಗಿನ ವಾಷರ್ ಸವೆದರೆ ಕೊಳವೆಗಳನ್ನೆಲ್ಲ ಮೇಲೆತ್ತಲು ಹೊರಗಿನಿಂದ ತಂಡ ಬರಬೇಕಿತ್ತು. ಈ ಕೊರತೆ ನೀಗಲು ಮುಂದೆ ಬಂದ ಮಾರ್ಕ್ 3ರಲ್ಲಿ ಕೊಳವೆಯನ್ನು ಅಗಲ ಮಾಡಿ, ಒಳಭಾಗವನ್ನಷ್ಟೇ ಹೊರಗೆಳೆದು ಊರಿನವರೇ ರಿಪೇರಿ ಮಾಡುವಂತೆ ಅನುಕೂಲ ಕಲ್ಪಿಸಿದರು. ತೊರವಿಯ ಸುರಂಗ ಕಲಿಸಿದ ಎರಡನೆಯ ಪಾಠವೇ ಇಲ್ಲಿ ಮತ್ತೆ ಬಂದಿತಲ್ಲವೆ?

ಎಲ್ಲರಿಗೂ ಒಗ್ಗುವಂತೆ ವಸ್ತುಗಳನ್ನು ರೂಪಿಸುವುದು ಇಂದು ಒಂದು ಶಾಸ್ತ್ರವೇ ಆಗಿದೆ. ಬಾಲ್ಯದಲ್ಲಿ ಪೋಲಿಯೋ ತಗುಲಿ ಗಾಲಿಕುರ್ಚಿ ಬಳಸುತ್ತಿದ್ದ ಅಮೆರಿಕದ ವಾಸ್ತುಶಿಲ್ಪಿ ರಾನ್ ಮೇಸ್ ಇದನ್ನು ಸಾರ್ವತ್ರಿಕ ವಿನ್ಯಾಸವೆಂದು ಕರೆದರು. 1997ರಲ್ಲಿ ಅವರೂ ಅವರ ಸಂಗಡಿಗರೂ ಇದಕ್ಕೆ ಏಳು ತತ್ತ್ವಗಳನ್ನು ನಿರೂಪಿಸಿದರು. ಬಳಕೆ ಸರಳವಾಗಿರಬೇಕು, ನೋಡಿದೊಡನೆ ತಿಳಿಯಬೇಕು ಎಂಬುದು ಅವುಗಳಲ್ಲೊಂದು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಈ ಪರಿಕಲ್ಪನೆಗೆ ಸ್ಥಾನವಿದೆ.

ಆದರೆ 'ನೋಡಿದೊಡನೆ ತಿಳಿಯುವುದು' ಎಂಬುದು ಯಾರ ನೋಟಕ್ಕೆ? ನಮ್ಮ ಮನೆಗಳಲ್ಲಿ ದೀಪದ ಗುಂಡಿಯನ್ನು ಕೆಳಗೆ ಒತ್ತಿದರೆ ಬೆಳಕು. ಅಮೆರಿಕದಲ್ಲಿ ಸಾಮಾನ್ಯವಾಗಿ ಮೇಲಕ್ಕೆ ಒತ್ತಬೇಕು. ಎರಡರಲ್ಲಿ ಯಾವುದೂ ಹುಟ್ಟಿನಿಂದ ಬಂದ ಜ್ಞಾನವಲ್ಲ, ಕೈಗೆ ಆದ ರೂಢಿ. ಫೋನಿನ ಪರದೆಯ ಮೇಲಿನ ಸಣ್ಣ ಚಿತ್ರಗಳು ನಿಮಗೆ ಸಹಜ, ಏಕೆಂದರೆ ನೀವು ಅವುಗಳ ನಡುವೆಯೇ ಬೆಳೆದಿರಿ. ತಿಕೋಟಾದ ಆ ಆಯಿಗೆ ಸಹಜವಾದದ್ದು ಗೋಡೆಯ ಮೇಲಿನ ಕೆಂಪು ಹಸಿರು ಗುಂಡಿ. ಅವರಿಗೆ ತಿಳಿವಳಿಕೆ ಕಡಿಮೆ ಎಂದು ನಾವು ಭಾವಿಸಿದರೆ ತಿಳಿವಳಿಕೆ ಕಡಿಮೆಯಾದದ್ದು ನಮಗೇ.

ಹಾಗಾದರೆ ಆ ಮನೆಯ ಸ್ಟಾರ್ಟರ್ ಹೇಗಿರಬೇಕಿತ್ತು? ಫೋನಿನ ಸೌಕರ್ಯ ಇರಲಿ, ಗೋಡೆಯ ಗುಂಡಿಯೂ ಇರಲಿ. ಬಾವಿ ಬತ್ತಿದರೆ ಮೋಟಾರು ತಾನಾಗಿ ನಿಲ್ಲಲಿ. ಟಾಕಿ ತುಂಬಿತೆಂಬುದನ್ನು ಓದಲು ಬಾರದವರಿಗೆ ದೀಪ ತಿಳಿಸಲಿ, ಕಣ್ಣು ಮಂಜಾದವರಿಗೆ ಗಂಟೆ ತಿಳಿಸಲಿ. ಮಾತಾಡುವ ಯಂತ್ರವಾದರೆ 'ನೀರ ಬಿಡು' ಎಂಬ ನಮ್ಮ ಸೀಮೆಯ ಕನ್ನಡ ಅದಕ್ಕೆ ಅರ್ಥವಾಗಲಿ. ನೆಟ್‌ವರ್ಕ್ ಹೋದಾಗಲೂ ಕೈಯಿಂದ ನಡೆಯಲಿ. ಕೆಟ್ಟರೆ ಸಂತೆಯ ಊರಲ್ಲೇ ದುರಸ್ತಿಯಾಗಲಿ. ಇವುಗಳಲ್ಲಿ ಯಾವುದೂ ಅಸಾಧ್ಯದ ಮಾತಲ್ಲ.

ನಾವು ಹೊರಡುವ ಮೊದಲು ನಮ್ಮ ತಂಡದ ಎಲೆಕ್ಟ್ರಿಷಿಯನ್, ಮಗನನ್ನು ಫೋನಿನಲ್ಲಿ ಕೇಳಿ, ಹಳೆಯ ಗುಂಡಿಯನ್ನು ಮತ್ತೆ ಜೋಡಿಸಿಕೊಟ್ಟ. ಆಯಿ ಎದ್ದುಬಂದು ಹಸಿರು ಗುಂಡಿ ಒತ್ತಿದರು. ನಳ ಒಮ್ಮೆ ಕೆಮ್ಮಿ ನೀರು ಸುರಿಸಿತು. ಅವರು ಮೊದಲು ಕೊಡ ತೊಳೆದರು, ತುಂಬಿಸಿದರು, ಆಮೇಲೆ ನಮಗೆಲ್ಲ ಚಹಾಕ್ಕೆ ಇಟ್ಟರು.

ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಇಂಜಿನಿಯರುಗಳಾಗುತ್ತೀರಿ. ಅದಕ್ಕೂ ಮೊದಲು ಇಂದು ಸಂಜೆ ಒಂದು ಪ್ರಯೋಗ ಮಾಡಿ. ನಿಮ್ಮ ಮನೆಯ ಯಾವುದೇ ಹೊಸ ಉಪಕರಣವನ್ನು ಅಜ್ಜಿಯ ಕೈಗೆ ಕೊಟ್ಟು, ಏನನ್ನೂ ಹೇಳಿಕೊಡದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹಿಂಜರಿಯುತ್ತದೆ ಎಂಬುದನ್ನು ಬರೆದಿಡಿ. ಅಲ್ಲಿ ತಿದ್ದಬೇಕಾದದ್ದು ಅಜ್ಜಿಯನ್ನಲ್ಲ, ಯಂತ್ರವನ್ನು.